ಹೆಸರು ಬದಲಿಸಿದರೆ ಸಾಕಾ?

ಚಿಕ್ಕಮಗಳೂರಿನಲ್ಲಿ ಆಪ್ತಸಮಾಲೋಚಕರನ್ನು ನೋಡಿ ಹೊರಗೆ ಬಂದರೆ ಐ.ಜಿ. ರಸ್ತೆ ದಾಟುವಷ್ಟರಲ್ಲಿ ಪರಿಚಯದವರು ಯಾರಾದರೂ ಎದುರಾಗುತ್ತಾರೆ. "ಏನ್ ಈ ಕಡೆ?" ಅಂತ ಕೇಳದೆ ಬಿಡೋದೂ ಇಲ್ಲ. ಇಂಥ ಊರಲ್ಲಿ, ನಾವು ಒಳಗೆ ಹೇಳಿಕೊಂಡಿದ್ದು ಯಾವ ಫೈಲಿನಲ್ಲಿ, ಯಾವ ಹೆಸರಲ್ಲಿ ಇರುತ್ತೆ ಅನ್ನೋ ಭಯ ಸಹಜ ಅಲ್ವಾ?

ಭಯ ಸುಮ್ನೆ ಹುಟ್ಟಿದ್ದಲ್ಲ. ಫಿನ್‌ಲೆಂಡಿನ ವಸ್ತಾಮೊ ಅನ್ನೋ ಮನೋಚಿಕಿತ್ಸಾ ಕಂಪನಿಯ ಕಡತಗಳು ಕಳವಾಗಿ, 2020ರಲ್ಲಿ ಕಳ್ಳ ನೇರವಾಗಿ ರೋಗಿಗಳಿಗೇ ಇಮೇಲ್ ಕಳಿಸಿ ದುಡ್ಡು ಕೇಳಿದ. ಸುಮಾರು 33,000 ಜನರ ವಿವರ ಅಲ್ಲಿತ್ತು. ಹೇಳಿಕೊಂಡ ಮಾತೂ ಹೇಳಿದವರ ಹೆಸರೂ ಒಟ್ಟಿಗೇ ಸಿಕ್ಕಿದ್ದರಿಂದ ಅವನ ಕೆಲಸ ಸಲೀಸಾಯಿತು.

ಅದಕ್ಕೇ ಎರಡನ್ನೂ ಬೇರೆ ಬೇರೆ ಇಡಬೇಕು. ಟಿಪ್ಪಣಿಯಲ್ಲಿ ಗುಪ್ತನಾಮ ಅಥವಾ ಸಂಖ್ಯೆ, ಅದು ಯಾರದ್ದು ಅನ್ನೋ ಪಟ್ಟಿ ಇನ್ನೊಂದು ಬೀರುವಿನಲ್ಲಿ. ಸಂಖ್ಯೆಯಲ್ಲಿ ಹುಟ್ಟಿದ ತಾರೀಖು, ಮೊಬೈಲಿನ ಕೊನೆಯ ಅಂಕಿ, ಇನಿಶಿಯಲ್ ಯಾವುದೂ ಇಣುಕಬಾರದು.

ಆದರೂ ಸಾಕಾಗಲ್ಲ. ಒಂದು ಫೈಲು ಹೀಗಿದೆ ಅಂದುಕೊಳ್ಳಿ: 'ರಮೇಶ (ಹೆಸರು ಬದಲಿಸಿದೆ), 43 ವರ್ಷ, ಮೂಡಿಗೆರೆ ಹತ್ತಿರದ ಕಾಫಿ ತೋಟದಲ್ಲಿ ರೈಟರ್ (ಲೆಕ್ಕ, ಉಸ್ತುವಾರಿ ನೋಡುವವರು), ಹೋದ ಮಳೆಗಾಲದಲ್ಲಿ ಬೈಕ್ ಅಪಘಾತದಲ್ಲಿ ಮಗ ತೀರಿಕೊಂಡ.' ಆ ಕಡೆಯವರಿಗೆ ಇಷ್ಟು ಓದಿದರೆ ಹೆಸರು ಯಾಕೆ ಬೇಕು? ಲತಾನ್ಯ ಸ್ವೀನಿ ಅನ್ನೋ ಕಂಪ್ಯೂಟರ್ ವಿಜ್ಞಾನಿ 2000ದಲ್ಲಿ ಇದನ್ನೇ ಲೆಕ್ಕ ಹಾಕಿ ತೋರಿಸಿದರು. ಪಿನ್‌ಕೋಡ್, ಹುಟ್ಟಿದ ತಾರೀಖು, ಗಂಡೋ ಹೆಣ್ಣೋ, ಈ ಮೂರೇ ಗೊತ್ತಿದ್ದರೂ ಅಮೆರಿಕದ ಸುಮಾರು 87% ಜನರನ್ನು ಗುರುತು ಹಿಡಿಯಬಹುದು ಅಂದರು. ನಮ್ಮ ಮಲೆನಾಡಿನ ಹಳ್ಳಿಗೆ ಅಷ್ಟೂ ಬೇಡ ಬಿಡಿ.

ಹಾಗಾಗಿ ವಿವರಗಳನ್ನೂ ಮಸುಕು ಮಾಡಬೇಕು. '43' ಬದಲು 'ನಲವತ್ತು ದಾಟಿದವರು', ಊರಿನ ಬದಲು ಜಿಲ್ಲೆ, 'ರೈಟರ್' ಬದಲು 'ತೋಟದ ಕೆಲಸ'. ಆದರೆ ಮಗ ತೀರಿಕೊಂಡಿದ್ದನ್ನು ಅಳಿಸಿದರೆ ಚಿಕಿತ್ಸೆಗೇ ಅರ್ಥ ಇರಲ್ಲ, ಅದು ಇರಲೇಬೇಕು. ಯಾವುದು ಬೇಕು, ಯಾವುದು ಬೇಡ ಅಂತ ಆರಿಸೋದೇ ನಿಜವಾದ ಕಷ್ಟ. ಇನ್ನು ಫೈಲನ್ನು ಇಷ್ಟೆಲ್ಲ ಜೋಪಾನ ಮಾಡಿ, ಹೊರಗೆ ಕೂತ ಸಿಬ್ಬಂದಿ ಪೂರ್ತಿ ಹೆಸರು ಹಿಡಿದು ಕೂಗಿದರೆ ಆಯ್ತು ಕಥೆ! ಟೋಕನ್ ನಂಬರ್ ಕರೆದರೆ ಏನು ಕಡಿಮೆ?

ಮನೋವೈದ್ಯರ ಔಷಧಿ ಚೀಟಿಯಲ್ಲಿ ಮಾತ್ರ ನಿಜ ಹೆಸರೇ ಬೇಕು. ಅಸಲಿ ಹೆಸರಿನ ಪಟ್ಟಿಯನ್ನು ಸುಟ್ಟುಹಾಕೋಕೂ ಆಗಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೌಪ್ಯತೆಯನ್ನು ರೋಗಿಯ ಹಕ್ಕು ಅನ್ನುತ್ತದೆ, ಜೀವಕ್ಕೆ ಅಪಾಯ ಇದ್ದಾಗ ಅಗತ್ಯ ಇರುವಷ್ಟು ಮಾಹಿತಿ ಮಾತ್ರ ಕೊಡೋಕೆ ಅವಕಾಶವನ್ನೂ ಇಟ್ಟಿದೆ. ರಾತ್ರಿ ಹನ್ನೊಂದಕ್ಕೆ ಒಬ್ಬರು 'ಇನ್ನು ಸಾಕು' ಅಂತ ಮೆಸೇಜ್ ಹಾಕಿದರೆ ಅವರ ಮನೆಯವರ ನಂಬರ್ ತಕ್ಷಣ ಸಿಗಬೇಕು. ಆ ಪಟ್ಟಿ ಎಲ್ಲಿದೆ, ಬೀರು ತೆಗೆಯೋ ಅಧಿಕಾರ ಯಾರಿಗಿದೆ ಅಂತ ಮೊದಲ ದಿನವೇ ಕೇಳಿ.