ಫ್ಲಶ್ ಟ್ಯಾಂಕ್ ನಿಧಾನವಾಗಿ ತುಂಬುತ್ತಿದೆಯಾ? ವಾಲ್ವ್ ಕೊಳ್ಳುವ ಮೊದಲು ಬಕೆಟ್ ತನ್ನಿ

ಫ್ಲಶ್ ಮಾಡಿದ ಮೇಲೆ ಟ್ಯಾಂಕ್ ತುಂಬೋಕೆ ಕಾಲು ಗಂಟೆ ಬೇಕು ಅಂತ ಒಂದು ಮನೆಯವರು ಕರೆದಿದ್ದರು. ನಾನು ಹೋಗುವಷ್ಟರಲ್ಲಿ ಅವರು ಟ್ಯಾಂಕಿಗೆ ನೀರು ಬಿಡುವ, ಒಳಗಿನ ಇನ್ಲೆಟ್ ವಾಲ್ವನ್ನು ಎರಡು ಸಲ ಬದಲಾಯಿಸಿ ಆಗಿತ್ತು. ಎರಡು ಸಲವೂ ಅದೇ ಕಥೆ. ನಾನು ಆಂಗಲ್ ಕಾಕ್, ಅಂದರೆ ಟ್ಯಾಂಕಿಗೆ ನೀರು ಬಿಡೋ ಗೋಡೆಯ ಚಿಕ್ಕ ನಲ್ಲಿ, ಮುಚ್ಚಿದೆ, ಕನೆಕ್ಷನ್ ಪೈಪನ್ನು ಟ್ಯಾಂಕಿನ ಕಡೆ ಬಿಚ್ಚಿದೆ, ಅದರ ಬಾಯನ್ನು ಬಕೆಟ್ಟಿಗೆ ಹಿಡಿದು ಕಾಕ್ ಪೂರ್ತಿ ತಿರುಗಿಸಿದೆ. ಭರ್ರನೆ ಬರಬೇಕಾದ ನೀರು ನೂಲಿನ ಹಾಗೆ ಇಳಿಯಿತು. ಮೇನ್ ಲೈನ್ ಮುಚ್ಚಿ ಆಂಗಲ್ ಕಾಕನ್ನೇ ಕಳಚಿ ನೋಡಿದರೆ, ಅದರ ಗಂಟಲಲ್ಲಿ ಪೈಪಿನ ಜೋಡಣೆ ಸೋರದಂತೆ ಸುತ್ತುವ ಟೆಫ್ಲಾನ್ ಟೇಪಿನ ತುಂಡೊಂದು ಸುರುಳಿ ಸುತ್ತಿಕೊಂಡು ಕೂತಿತ್ತು. ಕಿರುಬೆರಳಿನ ಉಗುರಿನಷ್ಟೂ ಇರಲಿಲ್ಲ. ಅದನ್ನು ತೆಗೆದ ಮೇಲೆ ಟ್ಯಾಂಕ್ ಎರಡು ನಿಮಿಷದೊಳಗೆ ತುಂಬಿತು.

ಆ ಎರಡು ವಾಲ್ವ್‌ಗಳಲ್ಲಿ ಏನೂ ದೋಷ ಇರಲಿಲ್ಲ. ಇಂಥದ್ದು ನೋಡಿದಾಗ ನನಗೆ ನಿಜವಾಗಿಯೂ ಬೇಜಾರಾಗುತ್ತದೆ. ಐದು ನಿಮಿಷ ಕೊಟ್ಟು ನೀರು ಎಲ್ಲಿ ನಿಂತಿದೆ ಅಂತ ನೋಡಿದ್ದರೆ ಸಾಕಿತ್ತು.

ಮೊದಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಗಡಿಯಾರ ನೋಡಿ ಅಳೆಯಿರಿ. ಸುಮಾರು 6 ಲೀಟರಿನ ಟ್ಯಾಂಕ್ ಒಂದರಿಂದ ಎರಡು ನಿಮಿಷದಲ್ಲಿ ತುಂಬಬೇಕು. ಒತ್ತಡ ಕಡಿಮೆ ಇರುವ ಕಡೆ ಮೂರು ನಿಮಿಷ ಆದರೂ ಚಿಂತೆ ಇಲ್ಲ. ಉದ್ದ ಕಡ್ಡಿಯ ತುದಿಯಲ್ಲಿ ಬುರುಡೆ ಇರುವ ಹಳೆ ಬಾಲ್ ಕಾಕ್ ಆದರೆ, ಬುರುಡೆ ಮೇಲೇರಿದ ಹಾಗೆಲ್ಲ ಬಾಯಿ ಸಣ್ಣ ಆಗುತ್ತಾ ಹೋಗುತ್ತದೆ. ಹಾಗಾಗಿ ಕೊನೆಯ ಕಾಲು ಭಾಗ ತುಂಬೋದು ನಿಧಾನವೇ. ಅದು ಕೆಟ್ಟಿದೆ ಅಂತ ಅಲ್ಲ, ಅದರ ಸ್ವಭಾವ.

ಆಮೇಲೆ ಬಕೆಟ್ ಪರೀಕ್ಷೆ. ಮೇಲೆ ಹೇಳಿದ ಹಾಗೆ ಪೈಪ್ ಬಿಚ್ಚಿ, ಒಂದು ಲೀಟರಿನ ಬಾಟಲಿಗೆ ನೀರು ಹಿಡಿಯಿರಿ. 10 ಸೆಕೆಂಡಿನೊಳಗೆ ತುಂಬಿದರೆ ಲೈನ್ ಚೆನ್ನಾಗಿದೆ, ತೊಂದರೆ ಟ್ಯಾಂಕ್ ಒಳಗಿದೆ. 30 ಸೆಕೆಂಡ್ ದಾಟಿದರೆ ಟ್ಯಾಂಕಿನ ಮುಚ್ಚಳ ತೆಗೆಯುವ ಕೆಲಸವೇ ಇಲ್ಲ, ತೊಂದರೆ ಹೊರಗಿದೆ.

ಹೊರಗಿದ್ದರೆ ಆಂಗಲ್ ಕಾಕ್ ಪೂರ್ತಿ ತೆರೆದಿದೆಯಾ ನೋಡಿ. ನಗಬೇಡಿ, ನೆಲ ಒರೆಸುವಾಗ ಕೈ ತಾಗಿ ಅರ್ಧ ಮುಚ್ಚಿಕೊಂಡಿದ್ದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಕನೆಕ್ಷನ್ ಪೈಪ್ ಎಲ್ಲಾದರೂ ಮಡಚಿಕೊಂಡಿದೆಯಾ ನೋಡಿ. ಹೊರಗೆ ಸ್ಟೀಲ್ ಹೆಣಿಗೆ ಹೊಳೆಯುತ್ತಿದ್ದರೂ ಒಳಗಿನ ರಬ್ಬರ್ ಹಳತಾಗಿ ಕುಸಿದಿರಬಹುದು. ಅಂಥ ಪೈಪನ್ನು ಸುಮ್ನೆ ಬದಲಾಯಿಸಿಬಿಡಿ. ಪಕ್ಕದ ಸಿಂಕಿನ ನಲ್ಲಿಯಲ್ಲೂ ನೀರು ಸಣ್ಣಗೆ ಬರುತ್ತಿದ್ದರೆ ಲೈನಿನಲ್ಲೇ ಏನೋ ಇದೆ. ಲೈನಿಗೆ ನೀರು ಬಿಡುವ ಗೇಟ್ ವಾಲ್ವ್ ಅರ್ಧ ಮುಚ್ಚಿರಬಹುದು, ಇಲ್ಲವೇ ಪೈಪಿನಲ್ಲಿ ಗಾಳಿ ಕಟ್ಟಿಕೊಂಡಿರಬಹುದು.

ಲೈನ್ ಚೆನ್ನಾಗಿದ್ದೂ ಟ್ಯಾಂಕ್ ತುಂಬೋದು ನಿಧಾನವೇ? ಹಾಗಿದ್ದರೆ ಮೊದಲ ಅನುಮಾನ ಜಾಲರಿಯ ಮೇಲೆ. ಇನ್ಲೆಟ್ ವಾಲ್ವಿಗೆ ಪೈಪ್ ಸೇರುವ ಬಾಯಲ್ಲಿ ಪ್ಲಾಸ್ಟಿಕ್ಕಿನ ಒಂದು ಪುಟ್ಟ ಜಾಲರಿ ಇರುತ್ತದೆ. ಮರಳು, ತುಕ್ಕಿನ ಹುಡಿ, ಟೇಪಿನ ಎಳೆ ಎಲ್ಲ ಅಲ್ಲಿ ಬಂದು ನಿಲ್ಲುತ್ತವೆ. ಮನೆಯಲ್ಲಿ ಪೈಪಿನ ಕೆಲಸ ಆದ ಮೇಲೆ, ಅಥವಾ ಮೇಲಿನ ಟ್ಯಾಂಕ್ ತೊಳೆದ ಮೇಲೆ ಈ ತೊಂದರೆ ಶುರುವಾಗಿದ್ದರೆ ಇದೇ ಅಂತ ಬಹುಮಟ್ಟಿಗೆ ಹೇಳಬಹುದು. ಮೂತಿ ಚೂಪಾದ ಇಕ್ಕಳದಿಂದ ಮೆಲ್ಲಗೆ ಎಳೆದು, ಹಳೆ ಹಲ್ಲುಜ್ಜುವ ಬ್ರಶ್‌ನಿಂದ ತೊಳೆಯಿರಿ. ಬಿಳಿ ಸುಣ್ಣ ಕಟ್ಟಿದ್ದರೆ ಒಂದು ಗಂಟೆ ವಿನೆಗರ್‌ನಲ್ಲಿ ನೆನೆಸಿಡಿ. ಆಸಿಡ್ ಮಾತ್ರ ಬೇಡವೇ ಬೇಡ, ರಬ್ಬರನ್ನೂ ಹಿತ್ತಾಳೆಯನ್ನೂ ತಿಂದು ಹಾಕುತ್ತದೆ.

ಕೆಲವರು ಜಾಲರಿ ಇದ್ದರೆ ತಾನೇ ಕಟ್ಟಿಕೊಳ್ಳೋದು ಅಂತ ಅದನ್ನು ಬಿಸಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಲ್ಲಿ ನಿಲ್ಲಬೇಕಾದ ಮರಳು ನೇರ ವಾಲ್ವ್ ಒಳಗಿನ ರಬ್ಬರಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ನೀರು ನಿಲ್ಲೋದೇ ಇಲ್ಲ, ಹಗಲೂ ರಾತ್ರಿ ಹರಿದು ಹೋಗುತ್ತದೆ.

ಆ ರಬ್ಬರಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಈಗಿನ ವಾಲ್ವ್‌ಗಳ ತಲೆಯಲ್ಲಿ ಒಂದು ತೆಳು ರಬ್ಬರ್ ಬಿಲ್ಲೆ ಇರುತ್ತದೆ. ಬಿಲ್ಲೆಯ ಹಿಂದೆ ನೀರು ಹೊರಬೀಳಲು ಸೂಜಿ ಮೊನೆಯಷ್ಟು ಒಂದು ತೂತು. ನೀರಿನ ಜೊತೆ ಏರಿಳಿಯುವ ತೇಲು, ಅಂದರೆ ಫ್ಲೋಟ್, ಕೆಳಗಿದ್ದಾಗ ಆ ತೂತು ತೆರೆದಿರುತ್ತದೆ, ಹಿಂದಿನ ಒತ್ತಡ ಇಳಿದು ಬಿಲ್ಲೆ ಸರಿಯುತ್ತದೆ, ನೀರು ಒಳಗೆ ಬರುತ್ತದೆ. ಫ್ಲೋಟ್ ಮೇಲೇರಿ ತೂತನ್ನು ಒತ್ತಿದರೆ ಹಿಂದೆ ನೀರು ತುಂಬಿ ಬಿಲ್ಲೆಯನ್ನು ಮುಚ್ಚಿಸುತ್ತದೆ. ಇಷ್ಟು ಸಣ್ಣ ತೂತಿಗೆ ಒಂದೇ ಒಂದು ಮರಳಿನ ಕಣ ಸಾಕು. ಬಿಲ್ಲೆ ಪೂರ್ತಿ ಸರಿಯುವುದಿಲ್ಲ, ನೀರು ತೊಟ್ಟಿಕ್ಕುತ್ತಾ ಬರುತ್ತದೆ.

ಸ್ವಚ್ಛ ಮಾಡೋದು ಕಷ್ಟವಲ್ಲ. ಆಂಗಲ್ ಕಾಕ್ ಮುಚ್ಚಿ ಫ್ಲಶ್ ಮಾಡಿ. ವಾಲ್ವಿನ ತಲೆಯ ಮುಚ್ಚಳವನ್ನು ಸ್ವಲ್ಪ ತಿರುಗಿಸಿದರೆ ಬಹಳಷ್ಟು ಮಾದರಿಗಳಲ್ಲಿ ಕಳಚಿಕೊಳ್ಳುತ್ತದೆ. ರಬ್ಬರ್ ತೆಗೆಯುವ ಮೊದಲು ಫೋನಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ, ತಲೆಕೆಳಗಾಗಿ ಕೂರಿಸಿದರೆ ಕೆಲಸ ಮಾಡುವುದಿಲ್ಲ. ಈಗ ತೆರೆದ ವಾಲ್ವಿನ ಮೇಲೆ ಒಂದು ಲೋಟವನ್ನು ಬೋರಲು ಹಿಡಿದು, ಕಾಕನ್ನು 10 ಸೆಕೆಂಡ್ ತೆರೆಯಿರಿ. ಲೋಟ ಹಿಡಿಯದಿದ್ದರೆ ನೀರು ಛಾವಣಿಗೆ ಚಿಮ್ಮುತ್ತದೆ. ಒಳಗಿನ ಕಸ ನೀರಿನ ಜೊತೆ ಹೊರಗೆ ಬರುತ್ತದೆ. ರಬ್ಬರನ್ನು ಬೆರಳಿನಿಂದ ತೊಳೆದು, ಬೆಳಕಿಗೆ ಹಿಡಿದು ನೋಡಿ. ಬಿರುಕು ಬಿಟ್ಟಿದ್ದರೆ, ಗಟ್ಟಿಯಾಗಿದ್ದರೆ ರಬ್ಬರ್ ಒಂದನ್ನೇ ಬದಲಾಯಿಸಿದರೂ ನಡೆಯುತ್ತದೆ. ಫ್ಲೋಟ್ ಟ್ಯಾಂಕಿನ ಗೋಡೆಗೆ ಉಜ್ಜುತ್ತಿದೆಯಾ ಅಂತಲೂ ಒಮ್ಮೆ ಬೆರಳಲ್ಲಿ ಒತ್ತಿ ಬಿಟ್ಟು ನೋಡಿ.

ಇಷ್ಟೆಲ್ಲ ಸರಿ ಇದ್ದೂ ನಿಧಾನ ಅಂದರೆ, ಒಳಗೆ ಬಂದ ನೀರು ಹೊರಗೆ ಹೋಗುತ್ತಿರಬಹುದು. ಟ್ಯಾಂಕಿನ ನೀರನ್ನು ಕಮೋಡಿಗೆ ಬಿಡುವ ಫ್ಲಶ್ ವಾಲ್ವಿನ ತಳದ ವಾಷರ್ ಸವೆದರೆ, ಒಂದು ಕಡೆ ತುಂಬುತ್ತಾ ಇನ್ನೊಂದು ಕಡೆ ಸೋರುತ್ತದೆ. ತುಂಬಿದ ಟ್ಯಾಂಕಿಗೆ ಸ್ವಲ್ಪ ಬಣ್ಣ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನಲ್ಲಿ ಬಣ್ಣ ಕಾಣಿಸಿದರೆ ವಾಷರ್ ಬದಲಾಯಿಸುವ ಹೊತ್ತು ಬಂದಿದೆ.

ಹೊಸ ವಾಲ್ವ್ ತರಲೇಬೇಕಾದರೆ ಡಬ್ಬಿಯ ಮೇಲೆ ಎಷ್ಟು ಒತ್ತಡ ಬೇಕು ಅಂತ ಬರೆದಿರುವುದನ್ನು ಓದಿ. 10 ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ. ಮೇಲಿನ ಟ್ಯಾಂಕ್ 3 ಮೀಟರ್ ಎತ್ತರದಲ್ಲಿದ್ದರೆ ನಿಮಗೆ ಸಿಗುವುದು 0.3 ಬಾರ್ ಮಾತ್ರ. 0.5 ಬಾರ್ ಬೇಕು ಅನ್ನುವ ವಾಲ್ವ್ ಎಷ್ಟೇ ಒಳ್ಳೆಯದಿದ್ದರೂ ಅಲ್ಲಿ ಸೊರಗುತ್ತದೆ. ಮೇಲಿನ ಮಹಡಿಗೆ ಹೋದಷ್ಟೂ ಒತ್ತಡ ಕಡಿಮೆ, ಅದಕ್ಕೇ ಕೆಳಗಿನ ಮನೆಯಲ್ಲಿ ಚೆನ್ನಾಗಿ ಓಡುವ ವಾಲ್ವ್ ಮೇಲಿನ ಮನೆಯಲ್ಲಿ ಕೈಕೊಡುತ್ತದೆ. ಕೂರಿಸುವಾಗ ಪ್ಲಾಸ್ಟಿಕ್ ನಟ್ಟನ್ನು ಕೈಯಲ್ಲಿ ಬಿಗಿ ಮಾಡಿ, ಸ್ಪ್ಯಾನರ್‌ನಲ್ಲಿ ಕಾಲು ಸುತ್ತು ಸಾಕು. ಜೋರು ಮಾಡಿದರೆ ಪಿಂಗಾಣಿ ಟ್ಯಾಂಕೇ ಸೀಳುತ್ತದೆ.

ಕೆಲಸ ಮುಗಿದ ಮೇಲೆ ನಾನು ಮತ್ತೆ ಗಡಿಯಾರ ಹಿಡಿಯುತ್ತೇನೆ. ಎಷ್ಟು ಸೆಕೆಂಡಿಗೆ ತುಂಬಿತು, ಯಾವ ದಿನ ಅಂತ ಟ್ಯಾಂಕ್ ಮುಚ್ಚಳದ ಒಳಮೈಗೆ ಪೆನ್ಸಿಲ್‌ನಲ್ಲಿ ಬರೆದಿಡುತ್ತೇನೆ. ಮುಂದಿನ ಸಲ ಮುಚ್ಚಳ ತೆಗೆದವರಿಗೆ, ಅದು ನಾನಾಗಲಿ ಬೇರೆಯವರಾಗಲಿ, ಹೋಲಿಸಿ ನೋಡೋಕೆ ಒಂದು ಲೆಕ್ಕ ಸಿಗುತ್ತದೆ ಅಲ್ವಾ.