ಸೇದೋದು ಬಿಟ್ಟೆ, ಬಿಪಿ ಯಾಕೆ ಇಳೀಲಿಲ್ಲ?

ಹುಬ್ಬಳ್ಳಿಯ ಉಣಕಲ್ ಕೆರೆ ದಂಡೆಯಲ್ಲಿ ಬೆಳಿಗ್ಗೆ ವಾಕಿಂಗ್ ಮುಗಿಸಿದವರ ಮಾತು ಕೇಳಬೇಕು. ಅರ್ಧ ಶುಗರ್, ಉಳಿದರ್ಧ ಬಿಪಿ. ‘ಸಿಗರೇಟ್ ಬಿಟ್ಟು ಎರಡು ವರ್ಷ ಆತ್ರೀ, ಬಿಪಿ ಗುಳಿಗಿ ಮಾತ್ರ ಬಿಡವಲ್ದು’ ಅನ್ನುವ ಮಾತು ನನಗಂತೂ ಬಾಯಿಪಾಠ. ಹೇಳುವವರ ಗಲ್ಲದಲ್ಲಿ ಆಗಲೇ ತಂಬಾಕು ಇರುತ್ತದೆ. ಅವರೇನೂ ಸುಳ್ಳು ಹೇಳುತ್ತಿಲ್ಲ. ಸೇದುವುದನ್ನು ನಿಜವಾಗಿಯೂ ಬಿಟ್ಟಿದ್ದಾರೆ.

ಸೇದೋದು ಬಿಟ್ಟರೆ ತಂಬಾಕನ್ನೇ ಬಿಟ್ಟಂತೆ ಅನ್ನುವ ಈ ಗೊಂದಲ ಬೆಳೆದು ಬಂದ ದಾರಿ ಉದ್ದ. ಪೋರ್ಚುಗೀಸರ ಜೊತೆ ಬಂದ ತಂಬಾಕು 1600ರ ಆಸುಪಾಸಿಗೆ ಬಿಜಾಪುರದಲ್ಲಿತ್ತು. ಅಕ್ಬರನ ದೂತ ಅಸದ್ ಬೇಗ್ ಅಲ್ಲಿಂದಲೇ ಒಯ್ದು ಬಾದಶಹನ ಮುಂದಿಟ್ಟ. ಬೇಡ ಅಂದವನು ಆಸ್ಥಾನದ ಹಕೀಮ. ಅವನ ಮಾತು ನಡೆಯಲಿಲ್ಲ. 1828ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ, ಚಟ ಹತ್ತಿಸುವ ನಿಕೋಟಿನ್ ಅನ್ನು ತಂಬಾಕಿನಿಂದ ಬೇರ್ಪಡಿಸಿದರು. 1964ರಲ್ಲಿ ಅಮೆರಿಕದ ಸರ್ಕಾರಿ ವರದಿ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ನಂಟು ಹಾಕಿತು. ತಂಬಾಕು ಅಂದರೆ ಕ್ಯಾನ್ಸರ್ ಅನ್ನೋದು ಅಲ್ಲಿಂದ ಗಟ್ಟಿಯಾಯಿತು. ಹೃದಯ ಹಿಂದೆ ಉಳಿಯಿತು.

ನಿಕೋಟಿನ್ ಮಾತ್ರ ಹೃದಯ, ರಕ್ತನಾಳಗಳ ಮೇಲೂ ಜೋರಾಗಿಯೇ ಕೆಲಸ ಮಾಡುತ್ತದೆ. ನಮ್ಮ ನರಗಳು ಒಂದರಿಂದ ಇನ್ನೊಂದಕ್ಕೆ ಸುದ್ದಿ ದಾಟಿಸಲು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಬಳಸುತ್ತವೆ. ಅದು ಕೂರಬೇಕಾದ ಜಾಗದಲ್ಲಿ ನಿಕೋಟಿನ್ ಬಂದು ಕೂರುತ್ತದೆ. ಮೂತ್ರಪಿಂಡದ ತಲೆಯ ಮೇಲಿರುವ ಅಡ್ರಿನಲ್ ಗ್ರಂಥಿಗೆ ಹುಸಿ ಸುದ್ದಿ ಹೋಗುತ್ತದೆ. ನಾಯಿ ಅಟ್ಟಿಸಿಕೊಂಡು ಬಂದಾಗ ಸುರಿಯುವ ಅಡ್ರಿನಲಿನ್, ಸುಮ್ನೆ ಕಟ್ಟೆ ಮೇಲೆ ಕೂತವನ ರಕ್ತಕ್ಕೂ ಸುರಿಯುತ್ತದೆ. ನಿಮಿಷಕ್ಕೆ ಹತ್ತು ಹದಿನೈದು ಬಡಿತ ಜಾಸ್ತಿ. ಮೇಲಿನ ಬಿಪಿ 5ರಿಂದ 10 ಅಂಕ ಏರುತ್ತದೆ. ಚರ್ಮದ ರಕ್ತನಾಳ ಬಿಗಿಯುತ್ತದೆ, ಬೆರಳ ತುದಿ ತಣ್ಣಗಾಗುತ್ತದೆ.

ಬಿಪಿ ಏರಿದಾಗ ಇಳಿಸಲು ದೇಹದಲ್ಲೇ ಒಂದು ವ್ಯವಸ್ಥೆ ಇದೆ. ಕುತ್ತಿಗೆಯ ರಕ್ತನಾಳದಲ್ಲಿರುವ ನರತುದಿಗಳು ಮಿದುಳಿಗೆ ತಿಳಿಸುತ್ತವೆ, ಹೃದಯ ನಿಧಾನವಾಗುತ್ತದೆ. ನಿಕೋಟಿನ್ ಇದ್ದಾಗ ಈ ಲಗಾಮು ಸಡಿಲ. ಒತ್ತಡವೂ ಏರುತ್ತದೆ, ಬಡಿತವೂ ಏರುತ್ತದೆ. ಹೃದಯಕ್ಕೆ ಕೆಲಸ ಜಾಸ್ತಿ, ಅದಕ್ಕೆ ರಕ್ತ ಕೊಡುವ ನಾಳ ಮಾತ್ರ ಅದೇ ಹೊತ್ತಿಗೆ ಬಿಗಿ.

ಶ್ವಾಸಕೋಶದ ಕಥೆ ಬೇರೆ. ಅಲ್ಲಿ ದೊಡ್ಡ ಹಾನಿ ಮಾಡುವುದು ಹೊಗೆ, ಅದರ ಟಾರು ಮತ್ತು ಕಾರ್ಬನ್ ಮೊನಾಕ್ಸೈಡ್. ಈ ಅನಿಲ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ರಕ್ತಕ್ಕೆ ಅಂಟಿಕೊಳ್ಳುತ್ತದೆ. ಬೀಡಿಯ ಬೆಂಕಿ ಬೇಗ ಆರುತ್ತದೆ, ಹಾಗಾಗಿ ಮತ್ತೆ ಮತ್ತೆ ಜೋರಾಗಿ ಎಳೆಯಬೇಕು. ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮನ್ನು ಈ ತುದಿಯಿಂದ ಆ ತುದಿಗೆ ನಡೆದರೆ ಬೀಡಿ ಎಳೆಯುವವರ ದಮ್ಮು ಗೊತ್ತಾಗುತ್ತದೆ. ಹೊಗೆ ಬಿಟ್ಟವರಿಗೆ ಶ್ವಾಸಕೋಶದ ಮಟ್ಟಿಗೆ ಲಾಭ ಖಂಡಿತ. ತೊಡಕು ಶುರುವಾಗುವುದೂ ಇಲ್ಲೇ. ಶ್ವಾಸಕೋಶ ಬಚಾವಾಯಿತು ಅಂದಮೇಲೆ ಹೃದಯವೂ ಬಚಾವು ಅಂತ ಜನ ತಿಳಿದರು.

ನನಗೆ ಚೆನ್ನಾಗಿ ನೆನಪಿರುವುದು ಗುಟ್ಕಾ ಬಂದ ಕಾಲ. ಅದಕ್ಕೂ ಮೊದಲು ಗದಗ, ಹಾವೇರಿ ಕಡೆ ಮನೆಮನೆಯಲ್ಲೂ ಹಿರಿಯರ ಸೊಂಟದಲ್ಲಿ ಎಲಿ ಸಂಚಿ ಇರುತ್ತಿತ್ತು. ಉಂಡಾದಮೇಲೆ ಕೂತು, ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಹೋಳು ಮಾಡಿ, ಕೊನೆಗೆ ಚೂರು ತಂಬಾಕು. ಅದಕ್ಕೆ ಹೊತ್ತು ಬೇಕಿತ್ತು. 1990ರ ದಶಕದಲ್ಲಿ ಪಾನ್ ಅಂಗಡಿ ಮುಂದೆ ಗುಟ್ಕಾ ಚೀಟಿಗಳ ಸರ ತೂಗಾಡತೊಡಗಿತು. ಹರಿದು ಬಾಯಿಗೆ ಸುರಿದುಕೊಂಡರೆ ಮುಗಿಯಿತು. ಡ್ರೈವರ್ ಸ್ಟೇರಿಂಗ್ ಬಿಡಬೇಕಿಲ್ಲ, ಹುಡುಗ ಮನೆಯಲ್ಲಿ ವಾಸನೆಗೆ ಸಿಕ್ಕಿಬೀಳಬೇಕಿಲ್ಲ. ದಿನಕ್ಕೆ ಎರಡು ಸಲ ಇದ್ದದ್ದು ಹತ್ತು ಸಲವಾಯಿತು.

ಇದರಲ್ಲಿ ಸುಣ್ಣದ ಪಾತ್ರ ಸಣ್ಣದಲ್ಲ. ಕ್ಷಾರ ಬೆರೆತಾಗ ನಿಕೋಟಿನ್ ಗಲ್ಲದ ಒಳಚರ್ಮ ದಾಟಿ ಸಲೀಸಾಗಿ ರಕ್ತ ಸೇರುತ್ತದೆ. ತಂಬಾಕಿಗೆ ಸುಣ್ಣ ಹಾಕಿ ಅಂಗೈಯಲ್ಲಿ ತಿಕ್ಕುವವರಿಗೆ ಕೆಮಿಸ್ಟ್ರಿ ಗೊತ್ತಿಲ್ಲ, ‘ಸುಣ್ಣ ಇಲ್ದಿದ್ರ ಕಿಕ್ ಇಲ್ಲ’ ಅನ್ನೋದು ಗೊತ್ತು. ಸಿಗರೇಟಿನ ನಿಕೋಟಿನ್ ಕೆಲವೇ ಸೆಕೆಂಡಿನಲ್ಲಿ ಮಿದುಳು ಮುಟ್ಟಿ, ಆಮೇಲೆ ಇಳಿಯುತ್ತದೆ. ಗಲ್ಲದ್ದು ನಿಧಾನ ಏರುತ್ತದೆ, ಜಾಸ್ತಿ ಹೊತ್ತು ನಿಲ್ಲುತ್ತದೆ. ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಸುಮಾರು ಎರಡು ತಾಸು ಬೇಕು. ಅಷ್ಟರೊಳಗೆ ಇನ್ನೊಂದು ಚೀಟಿ ಹರಿದಿರುತ್ತದೆ.

ಕಾನೂನುಗಳು ಬಂದವು. 1975ರಲ್ಲಿ ಸಿಗರೇಟ್ ಪ್ಯಾಕಿನ ಮೇಲೆ ಎಚ್ಚರಿಕೆ, 2003ರಲ್ಲಿ ಎಲ್ಲ ಬಗೆಯ ತಂಬಾಕಿಗೂ ಸೇರಿ ದೊಡ್ಡ ಕಾಯ್ದೆ, 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಜಾಗದಲ್ಲಿ ಸೇದುವಂತಿಲ್ಲ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ಬಂದ್ ಆಯಿತು. ಆಮೇಲೆ ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಎರಡನ್ನೂ ಬೆರೆಸಿಕೊಳ್ಳುವ ಕೆಲಸ ಗಿರಾಕಿಯದಾಯಿತು, ಅಷ್ಟೇ. ಇ-ಸಿಗರೇಟ್ 2016ರಲ್ಲಿ ರಾಜ್ಯದಲ್ಲಿ, 2019ರಲ್ಲಿ ದೇಶದಲ್ಲಿ ನಿಷೇಧವಾಯಿತು. ಪ್ಯಾಕಿನ ಮೇಲಿನ ಚಿತ್ರ ದೊಡ್ಡದಾಗುತ್ತಾ ಹೋಯಿತು. ನಮ್ಮ ಕಣ್ಣಿಗೆ ಬಿದ್ದದ್ದು ಹುಣ್ಣಾದ ಬಾಯಿ, ಗಂಟಲು. ಅದು ಬೇಕೇ ಬೇಕು, ನಿಜ. ಆದರೆ ಬಿಪಿಯ ಫೋಟೋ ತೆಗೆಯೋದು ಹೇಗೆ? ಹೊರಗೆ ಕಾಣದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. 2025ರಿಂದ ರಾಜ್ಯದಲ್ಲಿ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ, ಸಾರ್ವಜನಿಕ ಜಾಗದಲ್ಲಿ ಸೇದಿದರೆ ಸಾವಿರ ರೂಪಾಯಿವರೆಗೆ ದಂಡ.

ಬಿಪಿ ನೋಡುವ ಮೊದಲು ಅರ್ಧ ತಾಸು ಸೇದಬಾರದು ಅನ್ನೋದು ವೈದ್ಯರ ಹಳೆಯ ನಿಯಮ. ಸೇದುವವನ ಬಿಪಿ ಆ ಅರ್ಧ ತಾಸಿನಲ್ಲಿ ಇಳಿದು ‘ನಾರ್ಮಲ್’ ಅಂತ ಕಾಣಿಸಬಹುದು, ದಿನವಿಡೀ ಅದು ಎಷ್ಟಿತ್ತೋ ಡಾಕ್ಟರ ಚೀಟಿಯಲ್ಲಿ ಬರುವುದಿಲ್ಲ. ಇನ್ನು ಗಲ್ಲದಲ್ಲಿ ಇಟ್ಟವನನ್ನು ಯಾರೂ ಕೇಳುವುದೇ ಇಲ್ಲ. ಪಟ್ಟಿ ಕಟ್ಟುತ್ತಾ ‘ಸಿಗರೇಟ್ ಸೇದ್ತೀರಾ?’ ಅಂತಾರೆ. ‘ಇಲ್ರೀ’ ಅಂತಾನೆ. ಕೇಳಿದ್ದು ಅಷ್ಟೇ ಅಲ್ವಾ?

ಬಿಡಲು ಹೊರಟವರಿಗೆ ಔಷಧದ ಅಂಗಡಿಯಲ್ಲಿ ನಿಕೋಟಿನ್ ಗಮ್ ಇದೆ. ಅದರಲ್ಲಿರುವುದೂ ನಿಕೋಟಿನ್ನೇ. ಆದರೆ ಅಳತೆಯಲ್ಲಿ, ನಿಧಾನವಾಗಿ, ಹೊಗೆಯಿಲ್ಲದೆ. ಕೆಲವು ತಿಂಗಳಲ್ಲಿ ಅದನ್ನೂ ಕಡಿಮೆ ಮಾಡುತ್ತಾ ನಿಲ್ಲಿಸಬೇಕು. ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಶುರುಮಾಡಬೇಕು. ಗಮ್ಮನ್ನು ನಿಧಾನವಾಗಿ ಅಗಿದು, ಖಾರ ಅನಿಸಿದ ಕೂಡಲೇ ಗಲ್ಲದ ಸಂದಿಗೆ ಸರಿಸಿ ಸುಮ್ಮನಿರಬೇಕು. ನಮ್ಮವರು ಗುಟ್ಕಾದ ರೂಢಿಯಲ್ಲಿ ಅದನ್ನು ಒಂದೇ ಸಮ ಜಗಿಯುತ್ತಾರೆ. ಬಿಕ್ಕಳಿಕೆ ಬರುತ್ತದೆ, ಎದೆ ಉರಿಯುತ್ತದೆ. ‘ಇದು ನಮಗ ಆಗಂಗಿಲ್ಲ’ ಅಂತ ಮಾರನೇ ದಿನ ಮತ್ತೆ ಪಾನ್ ಅಂಗಡಿಗೆ ಹೋಗುತ್ತಾರೆ.