ಶೆಡ್ಡಿನೊಳಗಿನ ಕೋಣೆಗೆ ಮೊದಲು ಬೇಕಾದದ್ದು ಹೀಟರ್ ಅಲ್ಲ, ಮುಚ್ಚಳ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸುತ್ತಮುತ್ತಲಿನ ಕೈಗಾರಿಕಾ ವಸಾಹತುಗಳಲ್ಲಿ ಕಟ್ಟಡಗಳ ಶಾಖ ಮತ್ತು ಗಾಳಿಯ ವ್ಯವಸ್ಥೆಯನ್ನು ನೋಡಿಕೊಳ್ಳುವ ನನಗೆ ನವೆಂಬರ್ ಬಂತೆಂದರೆ ಒಂದೇ ಬಗೆಯ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: ‘ತಗಡಿನ ಶೆಡ್ಡಿನೊಳಗೆ ಪ್ಲೈವುಡ್ ನಿಲ್ಲಿಸಿ ಒಂದು ಕೋಣೆ ಮಾಡಿಕೊಂಡಿದ್ದೇವೆ, ಎಷ್ಟು ಕಿಲೋವಾಟಿನ ಹೀಟರ್ ಹಾಕಬೇಕು?’ ನಾನು ಮೊದಲು ಕೇಳುವುದು, ಆ ಕೋಣೆಗೆ ಮೇಲೆ ಮುಚ್ಚಳವಿದೆಯೇ ಎಂದು. ಬಹಳ ಸಲ ಇರುವುದಿಲ್ಲ.

ಪೀಠೋಪಕರಣ ತಯಾರಿಸುವ ಒಂದು ಸಣ್ಣ ಘಟಕದಲ್ಲಿ ಮರ ಜೋಡಿಸಿ ಅಂಟು ಹಾಕಲು ಆರು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಇಂಥದೇ ಕೋಣೆಯಿತ್ತು. ಗೋಡೆಯ ಎತ್ತರ 2.7 ಮೀಟರ್, ಶೆಡ್ಡಿನದು ಏಳು ಮೀಟರಿಗಿಂತ ಹೆಚ್ಚು. ಮೂರು ಕಿಲೋವಾಟಿನ ಎರಡು ಫ್ಯಾನ್ ಹೀಟರ್‌ಗಳು ಬೆಳಗಿನಿಂದ ಸಂಜೆಯವರೆಗೆ ಓಡುತ್ತಿದ್ದರೂ ಕೆಲಸಗಾರರು ಜಾಕೆಟ್ ತೆಗೆಯುತ್ತಿರಲಿಲ್ಲ, ಮರದ ಬಿಳಿ ಅಂಟು ಚಳಿಗೆ ಸರಿಯಾಗಿ ಕೂಡದೆ, ಒಣಗಿದ ಮೇಲೆ ಸುಣ್ಣದಂತೆ ಪುಡಿಯಾಗಿ ಕೀಲುಗಳು ಬಿಡುತ್ತಿದ್ದವು. ಬಿಸಿಯಾದ ಗಾಳಿ ಹಗುರವಾಗಿ ನೇರ ಮೇಲೇರಿ, ಶಾಖವನ್ನು ಹಿಡಿದಿಡುವ ಯಾವ ಗುಣವೂ ಇಲ್ಲದ ತಗಡಿನ ಛಾವಣಿಯ ಮೂಲಕ ತನ್ನ ಶಾಖವನ್ನು ಹೊರಗಿನ ಆಕಾಶಕ್ಕೆ ಬಿಟ್ಟುಕೊಡುತ್ತಿತ್ತು; ಖಾಲಿಯಾದ ಜಾಗಕ್ಕೆ ಬಾಗಿಲ ಸಂದಿಯಿಂದ ತಣ್ಣನೆಯ ಗಾಳಿ ನುಗ್ಗುತ್ತಿತ್ತು.

ಲೆಕ್ಕ ಮಾಡುವಾಗ ಶೆಡ್ಡನ್ನು ಕಟ್ಟಡದ ಒಳಭಾಗವೆಂದು ತಿಳಿಯದೆ, ಮಳೆ ಬೀಳದ ಬಯಲು ಎಂದುಕೊಳ್ಳುವುದು ಸರಿ. ಅಲ್ಲಿ 5 ಡಿಗ್ರಿ, ಕೋಣೆಯಲ್ಲಿ 20 ಡಿಗ್ರಿ ಬೇಕೆಂದಾದರೆ ವ್ಯತ್ಯಾಸ 15 ಡಿಗ್ರಿ. ಈ ಕೋಣೆಗೆ ಪ್ಲೈವುಡ್ಡಿನ ಮುಚ್ಚಳವನ್ನೂ ಹಾಕಿದರೆ ಗೋಡೆ ಮತ್ತು ಮುಚ್ಚಳ ಸೇರಿ 78 ಚದರ ಮೀಟರ್ ಆಗುತ್ತದೆ. ಒಂಟಿ ಪ್ಲೈವುಡ್ ಹಲಗೆ ಒಂದು ಚದರ ಮೀಟರಿನಲ್ಲಿ, ಒಂದು ಡಿಗ್ರಿ ವ್ಯತ್ಯಾಸಕ್ಕೆ, ಸುಮಾರು ಮೂರು ವಾಟ್ ಶಾಖವನ್ನು ಬಿಟ್ಟುಕೊಡುವುದರಿಂದ ಒಟ್ಟು ನಷ್ಟ ಮೂರೂವರೆ ಕಿಲೋವಾಟ್. ಅದೇ ಚೌಕಟ್ಟಿನ ಎರಡೂ ಕಡೆ ಹಲಗೆ ಹೊಡೆದು ನಡುವೆ 100 ಮಿಲಿಮೀಟರ್ ರಾಕ್‌ವೂಲ್ (ಕಲ್ಲನ್ನು ಕರಗಿಸಿ ತೆಗೆದ ನಾರಿನ ಹಾಸು) ತುಂಬಿದರೆ ನಷ್ಟ ಅರ್ಧ ಕಿಲೋವಾಟಿಗೂ ಕಡಿಮೆಯಾಗುತ್ತದೆ. ಬೆಂಗಳೂರಿನ ಪೀಣ್ಯದಲ್ಲಿ ಬಿಡಿಭಾಗಗಳನ್ನು ಅಳೆಯುವ ಕೋಣೆಯನ್ನು 20 ಡಿಗ್ರಿಯಲ್ಲಿ ಇಡಬೇಕಾದವರಿಗೂ ಇದೇ ಲೆಕ್ಕ ಸಲ್ಲುತ್ತದೆ. ಬೇಸಿಗೆಯಲ್ಲಿ ಅಲ್ಲಿ ಶಾಖ ಹರಿಯುವ ದಿಕ್ಕು ಮಾತ್ರ ತಿರುವುಮುರುವು.

ಗೋಡೆ ಗಟ್ಟಿಯಾದ ಮೇಲೆ ಗಾಳಿಯ ಪಾಲು ದೊಡ್ಡದಾಗುತ್ತದೆ. ಒಬ್ಬರಿಗೆ ಸೆಕೆಂಡಿಗೆ ಹತ್ತು ಲೀಟರಿನಂತೆ ನಾಲ್ವರಿಗೆ ಹೊಸ ಗಾಳಿ ಕೊಟ್ಟರೆ ಅದನ್ನು ಬಿಸಿ ಮಾಡಲು ಸುಮಾರು 700 ವಾಟ್ ಬೇಕು. ಇದು ಬಿಡಲಾಗದ ಖರ್ಚು, ಬಿಡಲೂಬಾರದು. ಆದರೆ ಮರದ ಹೊಟ್ಟು ಹೀರುವ ಯಂತ್ರವೊಂದು ಗಂಟೆಗೆ 1000 ಘನ ಮೀಟರ್ ಗಾಳಿಯನ್ನು ಕೋಣೆಯಿಂದ ಸೆಳೆದು ಹೊರಗೆ ಬಿಡುತ್ತಿದ್ದರೆ, ಅದೊಂದೇ ಐದು ಕಿಲೋವಾಟ್ ಶಾಖವನ್ನು ಒಯ್ಯುತ್ತದೆ. ಈ ಘಟಕದಲ್ಲಿ ಮರಳು ಕಾಗದದಿಂದ ಮರ ಉಜ್ಜುವ ಯಂತ್ರ, ಅದರ ಹೊಟ್ಟು ಹೀರುವ ಯಂತ್ರದ ಸಮೇತ, ಅಂಟಿನ ಕೋಣೆಯೊಳಗೇ ಇತ್ತು. ಅದನ್ನು ಹೊರಗೆ ಇಡಿಸಿದ್ದು ನಾನು ಮಾಡಿದ ಅತ್ಯಂತ ಅಗ್ಗದ ಮತ್ತು ಅತ್ಯಂತ ಫಲ ಕೊಟ್ಟ ಬದಲಾವಣೆ.

ಹೊಗೆಯನ್ನು ಹೊರಗೆ ಒಯ್ಯುವ ಕೊಳವೆಯಿಲ್ಲದ ಗ್ಯಾಸ್ ಅಥವಾ ಸೀಮೆಎಣ್ಣೆಯ ಹೀಟರನ್ನು ಇಂಥ ಮುಚ್ಚಿದ ಕೋಣೆಯಲ್ಲಿ ಇಡಲು ನಾನು ಒಪ್ಪುವುದೇ ಇಲ್ಲ. ಕಾರ್ಬನ್ ಮಾನಾಕ್ಸೈಡಿನ ಅಪಾಯ ಮೊದಲ ಕಾರಣ. ಜೊತೆಗೆ ಒಂದು ಕಿಲೋ ಪ್ರೊಪೇನ್ ಉರಿದಾಗ ಸುಮಾರು 1.6 ಕಿಲೋ ನೀರು ಆವಿಯಾಗಿ ಅದೇ ಕೋಣೆಯ ಗಾಳಿಗೆ ಸೇರುತ್ತದೆ. ಆ ಆವಿ ತಣ್ಣಗಿರುವ ಎರಕದ ಕಬ್ಬಿಣದ ಮೇಜುಗಳ ಮೇಲೆ ಇಳಿದು ತುಕ್ಕು ಹಿಡಿಸುತ್ತದೆ. ರಾಕ್‌ವೂಲಿನೊಳಗೆ ಆವಿ ಸೇರದಂತೆ ಕೋಣೆಯ ಬೆಚ್ಚಗಿನ ಕಡೆಯಿಂದಲೇ ಪಾಲಿಥೀನ್ ಹಾಳೆ ಹೊದಿಸಬೇಕೆಂದು ನಾನು ಹಟ ಹಿಡಿಯುವುದೂ ಈ ತೇವದ ಕಾರಣಕ್ಕೆ.

ಹೀಟರಿನ ಮಾತು ಬರುವುದು ಇಷ್ಟೆಲ್ಲ ಆದ ಮೇಲೆ. ಬ್ರಿಟನ್ನಿನಲ್ಲಿ ಈಚಿನ ವರ್ಷಗಳಲ್ಲಿ ವಿದ್ಯುತ್ತಿನ ಯೂನಿಟ್ ದರ ಗ್ಯಾಸಿನ ಸುಮಾರು ನಾಲ್ಕು ಪಟ್ಟು ಇರುವುದರಿಂದ ಸಾಮಾನ್ಯ ವಿದ್ಯುತ್ ಹೀಟರ್ ದುಬಾರಿ; ಹೊರಗಿನ ಗಾಳಿಯ ಶಾಖವನ್ನು ಒಳಗೆ ತಂದು, ಒಂದು ಯೂನಿಟ್ ವಿದ್ಯುತ್ತಿಗೆ ಮೂರರಷ್ಟು ಶಾಖ ಕೊಡಬಲ್ಲ ಹೀಟ್ ಪಂಪ್ ಇಂಥ ಕೋಣೆಗೆ ಅದಕ್ಕಿಂತ ಒಳ್ಳೆಯ ಆಯ್ಕೆ. ಪೈಪಿನ ಖರ್ಚು ಉಳಿಸಲು ಅದರ ಹೊರಘಟಕವನ್ನು ಶೆಡ್ಡಿನೊಳಗೇ ತೂಗುಹಾಕುವವರಿದ್ದಾರೆ; ಅದು ಶೆಡ್ಡನ್ನು ಇನ್ನಷ್ಟು ತಣ್ಣಗೆ ಮಾಡುತ್ತದೆ, ಹೊಟ್ಟಿನಿಂದ ಬೇಗ ಕಟ್ಟಿಕೊಳ್ಳುತ್ತದೆ. ಏರ್ ಕಂಪ್ರೆಸರ್ ಇರುವ ಕಡೆ, ಅದಕ್ಕೆ ಕೊಟ್ಟ ವಿದ್ಯುತ್ತಿನ ಬಹುಪಾಲು ಶಾಖವಾಗಿ ಹೊರಬೀಳುತ್ತದೆ ಎನ್ನುವುದನ್ನು ಮರೆಯಬಾರದು. ಎಣ್ಣೆಯ ವಾಸನೆಯಿರುವ ಆ ಗಾಳಿಯನ್ನು ಜನ ಕುಳಿತಿರುವ ಕೋಣೆಗೆ ತರದೆ, ಮರದ ದಾಸ್ತಾನಿರುವ ಜಾಗಕ್ಕೆ ತಿರುಗಿಸಬಹುದು. ಕೋಣೆಯ ಹೊರಗೆ, ತೆರೆದ ಶೆಡ್ಡಿನಲ್ಲಿ ನಿಂತು ಕೆಲಸ ಮಾಡುವವರಿಗಾದರೆ ಗಾಳಿಯನ್ನಲ್ಲ, ಮೈಯನ್ನೇ ನೇರವಾಗಿ ಬೆಚ್ಚಗಾಗಿಸುವ ಇನ್‌ಫ್ರಾರೆಡ್ ಹೀಟರ್ ಸಾಕು. ಕೆಲಸದ ಸ್ಥಳ ಸಾಮಾನ್ಯವಾಗಿ 16 ಡಿಗ್ರಿ, ಮೈಮುರಿದು ದುಡಿಯುವ ಕಡೆ 13 ಡಿಗ್ರಿಯಾದರೂ ಇರಬೇಕೆಂಬುದು 1992ರ ಕೆಲಸದ ಸ್ಥಳಗಳ ನಿಯಮಗಳಿಗೆ ಹೊಂದಿಕೊಂಡ ಮಾರ್ಗಸೂಚಿ.

ಬೆಂಕಿಯ ವಿಷಯದಲ್ಲಿ ಒಂದು ಮಾತು. ಒಳಕೋಣೆಯಿಂದ ಹೊರಬರುವ ದಾರಿ ಶೆಡ್ಡಿನ ಮೂಲಕವೇ ಆದ್ದರಿಂದ, ಅಲ್ಲಿ ಬೆಂಕಿ ಹತ್ತಿದರೆ ಒಳಗಿದ್ದವರಿಗೆ ತಕ್ಷಣ ತಿಳಿಯುವಂತೆ ಗೋಡೆಯಲ್ಲಿ ಗಾಜಿನ ಕಿಂಡಿಯನ್ನೋ ಶೆಡ್ಡಿನಲ್ಲಿ ಹೊಗೆ ಪತ್ತೆಯ ಎಚ್ಚರಿಕೆ ಗಂಟೆಯನ್ನೋ ಇಡಲೇಬೇಕು. ಹಗುರವೆಂದು ಥರ್ಮೊಕೋಲ್ ತುಂಬುವುದನ್ನು ನಾನು ತಡೆಯುವುದೂ ಇದೇ ಭಯದಿಂದ.

ಆ ಪೀಠೋಪಕರಣ ಘಟಕದಲ್ಲಿ ಈಗ ಒಂದು ಸಣ್ಣ ಹೀಟ್ ಪಂಪ್ ಸಾಕಾಗಿದೆ. ಮೊದಲ ಚಳಿಗಾಲದಲ್ಲಿ ಅವರು ರಾತ್ರಿ ಅದನ್ನು ಪೂರ್ತಿ ಆರಿಸಿ, ಬೆಳಿಗ್ಗೆ ಏಳಕ್ಕೆ ಹಾಕಿ, ಅರ್ಧ ಗಂಟೆಯಲ್ಲಿ ಥರ್ಮಾಮೀಟರ್ 18 ತೋರಿಸಿದ ಕೂಡಲೇ ಅಂಟು ಹಚ್ಚುತ್ತಿದ್ದರು. ಆಗಲೂ ಕೆಲವು ಕೀಲುಗಳು ಬಿಟ್ಟವು. ಗಾಳಿ ಬೇಗ ಬೆಚ್ಚಗಾಗುತ್ತದೆ, ದಪ್ಪ ಓಕ್ ಹಲಗೆ ಆಗುವುದಿಲ್ಲ. ಅಂದಿನಿಂದ ರಾತ್ರಿಯೂ 12 ಡಿಗ್ರಿಗಿಂತ ಕೆಳಗಿಳಿಯದಂತೆ ಇಡುತ್ತಾರೆ; ಮರುದಿನ ಜೋಡಿಸಬೇಕಾದ ಮರವನ್ನೂ ಅಂಟಿನ ಡಬ್ಬಿಯನ್ನೂ ಹಿಂದಿನ ಸಂಜೆಯೇ ಕೋಣೆಯೊಳಗೆ ತಂದಿಡುತ್ತಾರೆ.